ಹೊಸ್ತಿಲಲ್ಲಿ ಸವಾಲು ಜವಾಬು

ನನ್ನ ಮೊಮ್ಮಗಳು ಮಲ್ಲಿಕಾ ರಾಯಚೂರಿನ ಒಂದು ದವಾಖಾನೆಯಲ್ಲಿ ನರ್ಸು. ಆಕೆ ಸೂಜಿ ಚುಚ್ಚಿದ್ದು ಚುಚ್ಚಿಸಿಕೊಂಡವನಿಗೆ ಗೊತ್ತಾಗುವುದು ಮನೆಗೆ ಹೋಗಿ ಊಟಕ್ಕೆ ಕೂತ ಮೇಲೆ. ಇದು ನನ್ನ ಮಾತಲ್ಲ, ನಮ್ಮೂರು ದೇವದುರ್ಗ ಇಡೀ ಹೇಳುತ್ತದೆ. ದೇವದುರ್ಗಕ್ಕೆ ಹೇಳಿದವಳು ನಾನು, ಅದು ಬೇರೆ ವಿಷಯ.

ಅಂಥ ಹುಡುಗಿಗೆ ಮಾನ್ವಿಯ ಹುಲಗಪ್ಪನ ಮಗ ಅಂಜಿನೇಯನನ್ನು ಗೊತ್ತು ಮಾಡಿದೆವು. ಹುಡುಗ ಎಷ್ಟು ಎತ್ತರವೆಂದರೆ, ಹೆಣ್ಣು ನೋಡಲು ಬಂದ ದಿನ ನಮ್ಮ ಮನೆಯ ಬಾಗಿಲ ಚೌಕಟ್ಟು ತಾನೇ ಹೆದರಿ ಒಂದು ಗೇಣು ಮೇಲೆ ಸರಿಯಿತು. ಮದುವೆಯಾದ ಮೇಲೂ ಹುಡುಗಿ ಮಾನ್ವಿಯಿಂದ ಬಸ್ಸಿನಲ್ಲಿ ರಾಯಚೂರಿಗೆ ಹೋಗಿಬಂದು ನೌಕರಿ ಮಾಡಲಿ ಎಂದು ಅವನೂ ಒಪ್ಪಿದ, ಅವನಪ್ಪ ಹುಲಗಪ್ಪನೂ ಒಪ್ಪಿದ. ಎಲೆ ಅಡಿಕೆ ಆಯಿತು. ಸೀರೆ ಬಂದವು. ಮದುವೆಗೆ ಒಂದು ವಾರ ಇದೆ ಎನ್ನುವಾಗ ದುರ್ಗಾದೇವಿ ಬಾಯಿ ತೆಗೆದಳು.

ದುರ್ಗಾದೇವಿ ಹುಲಗಪ್ಪನ ಅಕ್ಕ. ತಾಯಿಯಿಲ್ಲದ ಅಂಜಿನೇಯನನ್ನು ಎತ್ತಿ ಆಡಿಸಿ ಬೆಳೆಸಿದವಳು. ಮಾನ್ವಿಯಲ್ಲಿ ಖಾರ ಕುಟ್ಟುವ ಗಿರಣಿ ಆಕೆಯದು. ಆ ಗಿರಣಿ ಶುರುವಾದರೆ ಪಕ್ಕದೂರು ನೀರಮಾನ್ವಿಯ ಗುಡಿಯ ಪೂಜಾರಿ ಮಂತ್ರ ಬಿಟ್ಟು ಸೀನುತ್ತಾನೆ. ಆಕೆ ಸ್ವತಃ ಕೆಮ್ಮಿದರೆ ರಾಯಚೂರು ಸ್ಟೇಷನ್ನಿನಲ್ಲಿ ರೈಲು ನಿಂತು, ಯಾರೋ ಕರೆದರಲ್ಲ ಎಂದು ಹಿಂತಿರುಗಿ ನೋಡುತ್ತದೆ. ಆಕೆ ನನಗೇ ಫೋನು ಮಾಡಿದಳು.

“ಯವ್ವಾ ಬಸ್ಸಮ್ಮ, ನನ್ನ ಮೊಣಕಾಲು ಸೋತಾವ. ಗಿರಣ್ಯಾಗ ತಕ್ಕಡಿ ಮುಂದ ಕೂಡಾಕ ಮನಿ ಮಂದಿನೇ ಬೇಕು. ನಿನ್ನ ಮೊಮ್ಮಗಳು ನೌಕರಿ ಬಿಟ್ಟು ಬಂದು ಕೂಡ್ಲಿ. ಮಂದಿಗೆ ಸೂಜಿ ಚುಚ್ಚಿದ್ದು ಸಾಕು.”

“ಮದ್ಲ ಒಪ್ಪಿದ್ರೆಲ್ಲ ಬೇ?”

“ಒಪ್ಪಿದೋರು ಗಂಡಸ್ರು. ನನ್ನ ಯಾರರ ಕೇಳಿದ್ರೇನು?”

ಫೋನು ಇಟ್ಟ ಮೇಲೂ ಆ ದನಿ ನನ್ನ ಕಿವಿಯಲ್ಲಿ ಸಂಜೆಯವರೆಗೆ ಗುಂಯ್‌ಗುಟ್ಟಿತು.

ಮಗ ಸೊಸೆ ಮದುವೆಯ ಓಡಾಟದಲ್ಲಿ ಊರೂರು ತಿರುಗುತ್ತಿದ್ದರು. ಸುದ್ದಿ ಹೇಳುವ ಪಾಲು ನನಗೇ ಬಂತು. ಮಲ್ಲಿಕಾ ಕೇಳಿದವಳೇ ಕೈಗೆ ಹಾಕಿ ನೋಡುತ್ತಿದ್ದ ಹಸಿರು ಬಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

“ನೌಕರಿ ಬಿಡಂಗಿಲ್ಲ ಯವ್ವಾ. ಬೇಕಾದ್ರ ಅಂಜಿನೇಯನ್ನ ಬಿಡ್ತೀನಿ,” ಎಂದಳು. ಹೇಳುವಾಗ ಕಣ್ಣಲ್ಲಿ ಕೃಷ್ಣೆ ತುಂಬಿ ನಿಂತಿದ್ದಳು.

“ಅಂವ ಏನಂತಾನ?”

“ಅತ್ತಿ ಮುಂದ ಒಂದಿನಾನೂ ಎದುರು ಮಾತಾಡಿಲ್ಲಂತ. ಆಕಿನ್ನ ನೋಡಿದ್ರ, ಗಂಡ ಸತ್ತ ವರ್ಷ ಊರೆಲ್ಲ ಬ್ಯಾಡಂದ್ರೂ ಗಿರಣಿ ಚಾಲೂ ಮಾಡಿದಾಕಿ ಅಂತ. ಅಂಥಾಕಿ ನನಗ ಹಿಂಗ ಅಂದ್ರ ಹೆಂಗ ಯವ್ವಾ?”

ನಾನು ಆ ಬಳೆ ಡಬ್ಬಿಯನ್ನು ಮತ್ತೆ ಆಕೆಯ ಮಡಿಲಿಗೆ ಇಟ್ಟೆ.

“ಬಳಿ ಹಾಕ್ಕೊ. ಮದಿವಿ ಆಗು. ಹೊಸ್ತಿಲದಾಗ ನಾ ನೋಡ್ಕೊಂತೀನಿ.”

ಹೊಸ್ತಿಲ ವಿಷಯ ಹೇಳಬೇಕು. ಹುಲಗಪ್ಪನ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೊಸ ಮದುಮಗಳು ಬಂದಾಗ ಗಂಡಿನ ಕಡೆಯ ಹಿರಿಯ ಹೆಂಗಸು ಹೊಸ್ತಿಲ ಮೇಲೆ ನಿಂತು ಬಾಗಿಲು ತಡೆದು, ಹಾಡಿನಲ್ಲಿ ಸವಾಲು ಹಾಕುತ್ತಾಳೆ. ಹೆಣ್ಣಿನ ಕಡೆಯವರು ಅದೇ ಧಾಟಿಯಲ್ಲಿ ಜವಾಬು ಹಾಡಬೇಕು. ತಮಟೆಯಂಥ ಹಲಗೆಯ ಬಡಿತ ಒಂದು ಸುತ್ತು ಮುಗಿಯುವುದರೊಳಗೆ ಜವಾಬು ಹುಟ್ಟದಿದ್ದರೆ ಹೆಣ್ಣಿನ ಕಡೆಯವರು ಸೋತರು. ಗಂಡಿನ ಕಡೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಒಳಗೆ ಹೋಗಬೇಕು. ಜವಾಬು ಹುಟ್ಟಿದರೆ, ಹಾಡಿದವಳಿಗೆ ತಿರುಗಿ ಸವಾಲು ಹಾಕುವ ಹಕ್ಕುಂಟು. ಮತ್ತೆ ಯಾರ ಬಾಯಿಂದಲೇ ಬರಲಿ, ಹೊಸ್ತಿಲಲ್ಲಿ ಹಾಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಆ ಮನೆಯ ಮುತ್ತಜ್ಜ ಒಬ್ಬ ಹಾಡಿನ ಹುರುಪಿನಲ್ಲಿ ಬೀಗರಿಗೆ ಎರಡೂ ಎತ್ತು ಕೊಟ್ಟೆ ಎಂದುಬಿಟ್ಟು, ಮರುದಿನ ತಾನೂ ಹೆಂಡತಿಯೂ ನೊಗಕ್ಕೆ ಹೆಗಲು ಕೊಟ್ಟು ಹೊಲ ಹೂಡಿದರಂತೆ.

ಮೊದಲು ಇದಕ್ಕೆಲ್ಲ ಹಳೆಯ ಪದಗಳಿದ್ದವು. ನಮ್ಮ ಕಡೆಗೆ ಟೆಂಟು ಸಿನಿಮಾ ಬಂತು ನೋಡಿ, ಅಲ್ಲಿಂದ ಧಾಟಿ ಬದಲಾಯಿತು. ಹಿಂದಿ ಸಿನಿಮಾದಲ್ಲಿ ನಾಯಕಿ ಕೇಳುವುದು, ನಾಯಕ ಹೇಳುವುದು, ಹೀಗೆ ಸವಾಲು ಜವಾಬಿನ ಹಾಡುಗಳು ಬರುತ್ತಿದ್ದವಲ್ಲ, ಹೆಂಗಸರು ಅವನ್ನೇ ಹಿಡಿದುಕೊಂಡರು. ಆಕೆಯ ಧಾಟಿಯಲ್ಲಿ ಸವಾಲು, ಅವನ ಧಾಟಿಯಲ್ಲಿ ಜವಾಬು, ಮಾತು ಮಾತ್ರ ನಮ್ಮದು.

ಆ ಹಾಡುಗಳೆಂದರೆ ನನಗೆ ಪ್ರಾಣ. ಅಂಥವು ನನ್ನ ಹೊಟ್ಟೆಯಲ್ಲಿ ಹತ್ತಿಕಾಯಿಯೊಳಗಿನ ಬೀಜದ ಹಾಗೆ ತುಂಬಿವೆ ಎಂದು ಮೊಮ್ಮಗಳ ಮುಂದೆ ಎದೆ ತಟ್ಟಿಕೊಂಡೆ. ದುರ್ಗಾದೇವಿ ಆ ಹೊಸ್ತಿಲಲ್ಲಿ ಇವತ್ತಿನವರೆಗೆ ಯಾರಿಗೂ ಸೋತಿಲ್ಲ ಎಂದು ಮಲ್ಲಿಕಾ ನೆನಪು ಮಾಡಿದಳು.

“ಆಕಿಗೆ ಬಸ್ಸಮ್ಮ ಸಿಕ್ಕಿಲ್ಲ, ಅದಕ್ಕ ಸೋತಿಲ್ಲ,” ಎಂದೆ.

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಹೀರಾಬಿಯನ್ನು ಕರೆದೆ. ಹೀರಾಬಿ ಮತ್ತು ನಾನು ಒಂದೇ ಹೊಲದಲ್ಲಿ ಹತ್ತಿಯ ಕಳೆ ಕಿತ್ತು ಮುದುಕಿಯರಾದವರು. ನಾವು ಕಿತ್ತ ಕಳೆಯನ್ನು ಒಟ್ಟಿದರೆ ದೇವದುರ್ಗಕ್ಕೆ ಇನ್ನೊಂದು ಗುಡ್ಡ ಆಗುತ್ತಿತ್ತು. ಮನೆಯಲ್ಲಿ ಅವರದು ದಖನಿ ಉರ್ದು ಮಾತು, ಹಾಗಾಗಿ ಹಿಂದಿ ಹಾಡಿನ ಅರ್ಥ ಬಿಡಿಸಿ ಹೇಳುವುದು ಯಾವತ್ತೂ ಆಕೆಯೇ.

“ನೀ ದುರ್ಗಾದೇವಿ ಆಗು. ಸವಾಲು ಹಾಕು. ನಾ ಜವಾಬು ಹಾಡ್ತೀನಿ,” ಎಂದೆ.

ಹೀರಾಬಿ ಸೆರಗು ಸರಿ ಮಾಡಿಕೊಂಡು ಒಂದು ಹಾಡಿನ ಸವಾಲು ಎತ್ತಿದಳು. ಹಲ್ಲಿಲ್ಲದ ಬಾಯಿಂದಲೂ ಧಾಟಿ ಬೆಣ್ಣೆಯ ಹಾಗೆ ಇಳಿಯಿತು. ನಾನು ಬಾಯಿ ತೆರೆದೆ. ಗಾಳಿ ಬಂತು.

“ಇನ್ನೊಂದು ಎತ್ತು, ಅದು ಸರಿಯಿಲ್ಲ.”

ಇನ್ನೊಂದು ಎತ್ತಿದಳು. ಮತ್ತೆ ಬಾಯಿ ತೆರೆದೆ. ಈ ಸಲ ಗಾಳಿಯೂ ಬರಲಿಲ್ಲ.

“ಕ್ಯಾ ಹುವಾ ಬಸ್ಸಮ್ಮ? ಗಂಟಲಾಗ ರೊಟ್ಟಿ ಸಿಕ್ಕದೇನು?”

“ನೀ ಹೇಳು ನೋಡೋಣು, ಜವಾಬು ಏನದ?”

ಹೀರಾಬಿ ಬೆರಳು ಗದ್ದಕ್ಕಿಟ್ಟುಕೊಂಡಳು. ಸೂರು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಅರೆ, ನನಗೂ ಗೊತ್ತಿಲ್ಲಲ್ಲೇ!”

ಆಗ ಹೊಳೆಯಿತು ನಮ್ಮ ಹಣೆಬರಹ. ಟೆಂಟಿನಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಪರದೆ. ಬೆಳ್ಳಿ ಪರದೆಯ ಮೇಲೆ ಆಕೆ ಸವಾಲು ಕೇಳಿದರೆ ನಮ್ಮ ಕಡೆಯ ಹೆಂಗಸರೆಲ್ಲ ಆಕೆಯ ಜೊತೆ ಹಾಡುತ್ತಿದ್ದೆವು. ಆಗ ಗಂಡಸರು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಅವನು ಜವಾಬಿಗೆ ಬಾಯಿ ತೆರೆದ ಕೂಡಲೇ ಅತ್ತ ಕಡೆಯಿಂದ ಸೀಟಿ, ಕೇಕೆ, ಮೇಲಕ್ಕೆ ತೂರಿದ ಟೋಪಿಗಳು. ಟೆಂಟಿನ ಬಟ್ಟೆ ಆ ಸೀಟಿಗೆ ಉಬ್ಬಿ ಹಡಗಿನ ಹಾಗೆ ಹೊರಟುಬಿಡುವುದೊಂದು ಬಾಕಿ. ನಾವು ಕಿವಿ ಮುಚ್ಚಿಕೊಂಡು ನಗುತ್ತಿದ್ದೆವು. ಜವಾಬು ಗಂಡಸರ ಪಾಲು, ನಮಗೇಕೆ ಎಂದು ಬಿಟ್ಟೆವು. ಹೊಲದಲ್ಲೂ ನಾವು ಹೆಂಗಸರೇ, ಹಾಡಿದ್ದೂ ನಮ್ಮ ಪಾಲನ್ನೇ. ಹೀಗೆ ಒಂದು ಜೀವಮಾನ ಬರೀ ಸವಾಲು ಹಾಡಿ ಕಳೆದಿದ್ದೆವು!

ನನ್ನ ಗಂಡ ಗಂಡಸರ ಕಡೆ ಕೂತಿರುತ್ತಿದ್ದ. ಮನೆಗೆ ಬಂದ ಮೇಲೆ, ಅವನು ಏನು ಜವಾಬು ಕೊಟ್ಟ ಎಂದು ಕೇಳಿದರೆ, “ರೊಟ್ಟಿ ಹಾಕು,” ಎನ್ನುತ್ತಿದ್ದ. ಹೋಗುವಾಗ ಎಲ್ಲ ಜವಾಬುಗಳನ್ನೂ ಧೋತರದ ಗಂಟಿನಲ್ಲಿ ಕಟ್ಟಿಕೊಂಡೇ ಹೋದ, ಪುಣ್ಯಾತ್ಮ.

“ಈಗೇನು ಮಾಡ್ತೀ?” ಎಂದಳು ಹೀರಾಬಿ. “ಹೊಸ್ತಿಲದಾಗ ಜವಾಬು ಹೇಳಾಕಿ ನೀನು. ಸವಾಲು ಆಕಿದು.”

ಮಲ್ಲಿಕಾ ಅಲ್ಲೇ ಕೂತಿದ್ದಳು. ಫೋನು ತೆಗೆದು ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟಳು. “ಯಾವ್ಯಾವ ಹಾಡು ಹೇಳ್ರಿ. ಎಲ್ಲಾ ಇದರಾಗ ಅದಾವ.”

ನಾವಿಬ್ಬರೂ ಫೋನಿನ ಮೇಲೆ ಬಗ್ಗಿದೆವು, ತೊಟ್ಟಿಲ ಕೂಸನ್ನು ನೋಡುವವರ ಹಾಗೆ. ಸವಾಲು ಬಂತು. ಹಳೆಯ ಗೆಳತಿ ದಾರಿಯಲ್ಲಿ ಸಿಕ್ಕ ಹಾಗಾಯಿತು. ನಾವೂ ಹಾಡಿದೆವು. ಆಮೇಲೆ ಜವಾಬು ಬಂತು. ಸೀಟಿಯಿಲ್ಲ, ಕೇಕೆಯಿಲ್ಲ. ಅವನ ದನಿ ನನ್ನ ಕಿವಿಗೆ ಮೊದಲ ಸಲ ಬಿತ್ತು. ಮೈಮೇಲೆ ಜೋಳದ ತೆನೆಯಷ್ಟು ದಪ್ಪ ಮುಳ್ಳೆದ್ದವು.

“ಏನಂದ? ಏನಂದ?”

ಹೀರಾಬಿ ಅರ್ಥ ಹೇಳಿದಳು. ಕೇಳಿ ನನಗೆ ಸಿಟ್ಟು ಬಂತು.

“ಇಷ್ಟೇನಾ? ಇದಕ್ಕಾ ಟೋಪಿ ತೂರಿದ್ದು? ಆಕಿ ಎಲ್ಲಿಗೆ ಹೊಂಟೀ ಅಂತ ಕೇಳಿದ್ರ, ಅಂವ ನಿನ್ನ ಕಣ್ಣು ಹಿಂಗ ಅದಾವ, ಹಂಗ ಅದಾವ ಅಂತಾನ. ನಮ್ಮ ಕಂಡಕ್ಟರಿಗೆ ಹಿಂಗ ಹೇಳಿದ್ರ ಬಸ್ಸಿನಿಂದ ಇಳಿಸ್ತಾನ.”

“ನಕ್ಕೊ, ಹಂಗನಬ್ಯಾಡ, ಇನ್ನೊಮ್ಮೆ ಕೇಳು,” ಎಂದಳು ಹೀರಾಬಿ.

ಇನ್ನೊಮ್ಮೆ ಕೇಳಿದೆವು. ಇನ್ನೊಂದು ಹಾಡು ಕೇಳಿದೆವು. ಮತ್ತೊಂದು. ಒಲೆಯ ಮೇಲಿನ ಚಹಾ ಕುದಿದು ಕುದಿದು ಡಾಂಬರಾಯಿತು. ಕೇಳುತ್ತ ಕೇಳುತ್ತ ಹೀರಾಬಿ ನನ್ನ ತೊಡೆಗೆ ರಪ್ಪನೆ ಹೊಡೆದಳು.

“ಸುನ್ ಬಸ್ಸಮ್ಮ. ಆಕಿಗೆ ಗೊತ್ತದ ಅಂವ ಏನಂತಾನಂತ. ಗೊತ್ತಿದ್ದೇ ಕೇಳಾಕತ್ತಾಳ.”

“ಗೊತ್ತಿದ್ರ ಯಾಕ ಕೇಳಬೇಕು?”

“ಅವನ ಬಾಯಿಂದ ಕೇಳಾಕ! ಅವನಿಗೂ ಹೇಳಬೇಕಂತ ಅದ. ಆದ್ರ ಯಾರೂ ಕೇಳದಿದ್ರ ಹೆಂಗ ಹೇಳ್ತಾನ? ಅದಕ್ಕ ಆಕಿ ಕೇಳ್ತಾಳ. ಇದು ಜಗಳದ ಸವಾಲಲ್ಲಲೇ. ಇದು ಬಾಗಿಲು ತೆಗೆಯೋ ಸವಾಲು.”

ಆಮೇಲೆ ಕೇಳಿದಾಗ ನನಗೆ ಇನ್ನೊಂದು ಕಂಡಿತು. ಸವಾಲು ಮುಗಿದು ಜವಾಬು ಹುಟ್ಟುವ ನಡುವೆ ಚೂರು ಜಾಗ ಬಿಟ್ಟಿರುತ್ತಾರೆ. ಅಲ್ಲಿ ಕೊಳಲು ಒಂದು ಎಳೆ ಎಳೆಯುತ್ತದೆ, ಇಲ್ಲವೇ ಪಿಟೀಲು ಒಂದು ನಿಟ್ಟುಸಿರು ಬಿಡುತ್ತದೆ. ಆ ಜಾಗದಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಾನೆ, ಆಕೆ ಕಾಯುತ್ತಾಳೆ. ಇಡೀ ಹಾಡಿನ ರುಚಿ ಅಲ್ಲಿದೆ. ನಾವು ಟೆಂಟಿನಲ್ಲಿ ಅದೇ ಹೊತ್ತಿಗೆ ಶೇಂಗಾ ಸುಲಿಯುತ್ತಿದ್ದೆವು! ಕೇಳಿ ಸುಮ್ಮನಿರುವವಳು ಜಾಣೆ. ಕೇಳಿದ ಮೇಲೆ ತಾನೇ ವಟವಟ ಎನ್ನುವವಳಿಗೆ ಯಾವ ಜವಾಬೂ ಸಿಗುವುದಿಲ್ಲ. ಈ ಮಾತು ನನ್ನಂಥ ಬಾಯಿಬಡುಕಿಗೆ ತಿಳಿಯಲು ಕೂದಲೆಲ್ಲ ಬೆಳ್ಳಗಾಗಬೇಕಾಯಿತು.

ಮದುವೆ ದೇವದುರ್ಗದಲ್ಲಿ ಚೆನ್ನಾಗಿಯೇ ಆಯಿತು. ಮರುದಿನ ಟೆಂಪೋ ತುಂಬ ಹೆಂಗಸರನ್ನು ತುಂಬಿಕೊಂಡು ಹೆಣ್ಣು ಕಳಿಸಲು ಮಾನ್ವಿಗೆ ಹೊರಟೆವು. ದಾರಿಯಲ್ಲೆಲ್ಲ ನಾನು ಹೀರಾಬಿಯ ಕೈ ಹಿಡಿದುಕೊಂಡಿದ್ದೆ. ಟೆಂಪೋ ಕುಲುಕುತ್ತದೆ, ಅದಕ್ಕೇ ಹಿಡಿದಿದ್ದೇನೆ ಎಂದು ಆಕೆಗೆ ಹೇಳಿದೆ. ಮಲ್ಲಿಕಾ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು. ರಜೆ ಮುಗಿದು ಸೋಮವಾರ ಆಕೆ ನೌಕರಿಗೆ ಮರಳಬೇಕು. ಅವತ್ತು ದವಾಖಾನೆಯ ಬಿಳಿ ಬಟ್ಟೆಯೋ, ಗಿರಣಿಯ ತಕ್ಕಡಿಯೋ, ಹೊಸ್ತಿಲಲ್ಲಿ ತೀರ್ಮಾನ.

ಹುಲಗಪ್ಪನ ಮನೆಯ ಮುಂದೆ ಹಂದರ, ಹಂದರದ ತುಂಬ ಮಂದಿ. ಹಲಗೆ ಹಿಡಿದ ಬೂದೆಪ್ಪ ಬೆಂಕಿಗೆ ಹಲಗೆ ಕಾಯಿಸಿಕೊಂಡು ತಯಾರಾಗಿದ್ದ. ಹೊಸ್ತಿಲ ಮೇಲೆ ದುರ್ಗಾದೇವಿ ನಿಂತಿದ್ದಳು. ಬಾಗಿಲು ಇದೆಯೋ ಇಲ್ಲವೋ ಕಾಣಿಸುತ್ತಿರಲಿಲ್ಲ, ಅಷ್ಟು ತುಂಬಿಕೊಂಡಿದ್ದಳು. ಒಂದು ಕೈ ಆ ಚೌಕಟ್ಟಿಗೆ, ಒಂದು ಕೈ ಈ ಚೌಕಟ್ಟಿಗೆ. ಸೊಂಟದಲ್ಲಿ ಗಿರಣಿಯ ಕೀಲಿಗೊಂಚಲು.

ನಾನು ಮುಂದೆ ಬಂದೆ. ಗಂಡಿನ ಕಡೆಯ ಒಬ್ಬ ಹೆಂಗಸು ಮೂಗು ಮುರಿದಳು. “ಮುತ್ತೈದೇರು ಯಾರರ ಹಾಡ್ಲಿ. ಗಂಡ ಇಲ್ಲದಾಕಿ ಮುಂದ್ಯಾಕ?”

“ಬಾಯಿಗೇನು ಕುಂಕುಮ ಹಚ್ತಾರೇನ ಬೇ?” ಎಂದೆ.

ದುರ್ಗಾದೇವಿ ಆ ಹೆಂಗಸಿನ ಕಡೆ ತಿರುಗಿದಳು. “ಆಕಿ ಹಾಡ್ಲಿ ಬಿಡು. ನನಗೆಲ್ಲಿ ಗಂಡ ಅದಾನ? ನಾ ನಿಂತಿಲ್ಲೇನು?” ಅಂದವಳೇ ನನಗೆ ಕಣ್ಣು ಹೊಡೆದಳು. “ಬಾ ಮುದುಕಿ. ಸೋತು ಒಳಗ ಬಾ. ಹೋಳಿಗಿ ಆರಾಕತ್ತಾವ.”

“ಗೆದ್ದು ಬರ್ತೀನಿ. ತುಪ್ಪ ಕಾಯಿಸಿ ಇಡಾಕ ಹೇಳು.”

ಮಂದಿ ಹೋ ಎಂದರು. ಬೂದೆಪ್ಪ ಹಲಗೆ ಬಡಿದ. ದುರ್ಗಾದೇವಿ ಸವಾಲು ಎತ್ತಿದಳು. ಒಪ್ಪಿಕೊಳ್ಳಬೇಕು, ಆಕೆಯ ದನಿಗೆ ಹಂದರದ ಮಾವಿನ ತೋರಣ ಒಣಗಿಹೋಯಿತು.

“ಬಾಗಿಲ ಮುಂದ ನಿಂತೋರ್ಯಾರ, ಬರಿಗೈಲಿ ಬಂದೋರ್ಯಾರ?
ಮಾನ್ವಿ ಮನಿಗೆ ಹೆಣ್ಣ ತಂದೋರು ಏನೇನ ತಂದೀರಿ ಹೇಳರಿ?”

ಎಲ್ಲ ಬೀಗರೂ ಇಲ್ಲಿ ಹೊತ್ತು ತಂದ ಸಾಮಾನಿನ ಹೆಸರು ಹೇಳಿ ಎಡವುತ್ತಾರೆ. ಹಿತ್ತಾಳೆ ಕೊಡ ಎಂದರೆ ತೂತಿದೆಯೇನು ಎಂದು ಮಂದಿ ನಗುತ್ತಾರೆ. ನಾನು ಫೋನಿನಲ್ಲಿ ಕೇಳಿದ ಆ ಗಂಡಸನ್ನು ನೆನೆದೆ. ಕೇಳಿದ್ದೊಂದು, ಹೊಗಳಿದ್ದೊಂದು.

“ಬರಿಗೈಲೆ ಬಂದೇವ ನಾವು, ನಿನ್ನ ಕೈಯ ಸುದ್ದಿ ಕೇಳಿ,
ಖಾರ ಕುಟ್ಟಿದ ಕೈಯ ನೋಡಾಕ ಓಡೋಡಿ ಬಂದೇವ ತಾಯಿ.”

ಹಲಗೆ ಘಳ್ ಎಂದಿತು. ಹುಲಗಪ್ಪನೇ “ಭಲೇ!” ಎಂದುಬಿಟ್ಟ. ಅಕ್ಕ ತಿರುಗಿ ನೋಡಿದ ಮೇಲೆ ಕೆಮ್ಮಿದ ಹಾಗೆ ಮಾಡಿದ. ದುರ್ಗಾದೇವಿಯ ತುಟಿಯ ಕೊನೆ ಚೂರು ಮೇಲೆದ್ದಿತು, ಆದರೆ ಆಕೆ ಸುಮ್ಮನೆ ಬಿಡುವವಳಲ್ಲ.

“ಹೊಗಳಿಕಿ ಮಾತ ಹೊರಗ ಇರಲಿ, ಮನಿಯ ಮಾತ ಹೇಳವ್ವ,
ಸೂಜಿಯ ಹಿಡಿಯೋ ಕೈಗೆ ನಾಳಿ ತಕ್ಕಡಿ ಒಗ್ಗೀತ ಹೇಳವ್ವ?”

ಒಗ್ಗುತ್ತದೆ ಎಂದು ಹಾಡಿದರೆ ನೌಕರಿ ಹೋಯಿತು. ಒಗ್ಗುವುದಿಲ್ಲ ಎಂದರೆ ಹೊಸ್ತಿಲಲ್ಲೇ ಮನೆಗೆ ಹೊಂದದ ಸೊಸೆಯಾದಳು, ಆ ಮಾತೂ ಹಿಂದಕ್ಕೆ ಬರುವುದಿಲ್ಲ. ಎರಡೂ ಕಡೆ ಬಾವಿ. ಹಲಗೆ ಸುತ್ತು ಹೊಡೆಯುತ್ತಿತ್ತು. ಮಲ್ಲಿಕಾ ನನ್ನ ಸೆರಗಿನ ತುದಿಯನ್ನು ಹಿಡಿದಳು. ಅಂಜಿನೇಯ ಅಷ್ಟೆತ್ತರದವನು ನನ್ನ ಮೊಣಕೈಯಷ್ಟಾಗಿದ್ದ. ನಾನು ಬಾಯಿ ತೆರೆದೆ.

“ತಕ್ಕಡಿ ಹಿಡಿದ ಕೈಗೇ ಗೊತ್ತು ಯಾವ ಕೈಗೆ ಏನ ಒಗ್ಗೀತ,
ಅದಕ್ಕ ನಿನ್ನನ್ನೇ ಕೇಳಾಕ ಬಂದೆ, ನನ್ನ ಸವಾಲ ಕೇಳವ್ವ!”

“ಏ! ಸವಾಲು ಹಾಕಾಕತ್ತಾಳ!” ಎಂದು ಮಂದಿಯಲ್ಲಿ ಗದ್ದಲವೆದ್ದಿತು. ತಿರುಗಿ ಸವಾಲು ಹಾಕುವ ಹಕ್ಕು ಇದ್ದರೂ ಅದನ್ನು ಯಾವ ಬೀಗರೂ ಬಳಸಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಜವಾಬು ಕೊಟ್ಟು ಬದುಕಿದರೆ ಸಾಕು ಎಂದು ಓಡುತ್ತಿದ್ದರು. ಬೂದೆಪ್ಪ ಹಲಗೆ ನಿಲ್ಲಿಸಿ ದುರ್ಗಾದೇವಿಯ ಮುಖ ನೋಡಿದ.

“ಬಡಿಯೋ ಬೂದೆಪ್ಪ,” ಎಂದಳು ಆಕೆ. “ಕೇಳ್ಲಿ. ಏನು ಕೇಳ್ತಾಳ ನೋಡೋಣು.”

ಈಗ ಧಾಟಿ ನನ್ನ ಪಾಲಿನದು. ಸಿನಿಮಾದ ನಾಯಕಿಯ ಧಾಟಿ, ಹೆಂಗಸರ ಧಾಟಿ. ಹತ್ತಿ ಹೊಲದಲ್ಲಿ ಬಿಸಿಲು ಕುಡಿದು ಬೆಳೆದ ಧಾಟಿ. ಗಂಟಲು ತಾನೇ ತೆರೆದುಕೊಂಡಿತು.

“ಗಂಡನ ಕಳಕೊಂಡ ವರ್ಷದಾಗ ಗಿರಣಿಯ ಬೀಗ ತೆಗೆದೋರ್ಯಾರ?”

ಹಾಡಿ ಸುಮ್ಮನಾದೆ. ಹೀರಾಬಿ ಬೆನ್ನ ಹಿಂದೆ ಚಿವುಟಿದಳು, ಸುಮ್ಮನಿರು ಎಂದು. ನಾನು ಸುಮ್ಮನೇ ಇದ್ದೆ, ನನ್ನ ಜೀವನದಲ್ಲಿ ಅದು ಮೊದಲನೆಯದು. ಬೂದೆಪ್ಪನೂ ಕೈ ಹಗುರ ಮಾಡಿದ, ಹಲಗೆ ಪಿಸುಗುಟ್ಟಿತು. ಆ ಚೂರು ಜಾಗದಲ್ಲಿ ದುರ್ಗಾದೇವಿಯ ಮುಖ ಬದಲಾಯಿತು. ಜಗಳಕ್ಕೆ ಬಿಗಿದಿದ್ದ ಹುಬ್ಬು ಇಳಿಯಿತು. ಒಂದು ಕೈ ಚೌಕಟ್ಟು ಬಿಟ್ಟು ಸೊಂಟದ ಕೀಲಿಗೊಂಚಲಿಗೆ ಬಂತು. ಈ ಮಾತನ್ನು ಆಕೆಗೆ ಯಾರೂ, ಯಾವತ್ತೂ, ಕೇಳಿರಲಿಲ್ಲ ಎನ್ನುವುದು ಕುರುಡರಿಗೂ ಕಾಣುತ್ತಿತ್ತು.

“ನಾನ ತೆಗೆದೆ, ನಾನ ತೆಗೆದೆ, ಸೆರಗ ಬಿಗಿದು ಬೀಗ ತೆಗೆದೆ!”

ಹೆಂಗಸರು ಹೋ ಎಂದರು. ನಾನು ಬಿಡಲಿಲ್ಲ.

“ಹೆಣ್ಣು ಹೊಸ್ತಿಲ ದಾಟಬಾರ್ದಂತ ಅಡ್ಡ ಬಂದು ಅಂದೋರ್ಯಾರ?”

“ಅಣ್ಣ ಅಂದ, ತಮ್ಮ ಅಂದ, ಊರ ಹಿರೇರೆಲ್ಲ ಅಂದಾರ!”

ಹುಲಗಪ್ಪ ತನ್ನ ಕಾಲಬೆರಳುಗಳನ್ನು ಎಣಿಸತೊಡಗಿದ. ದುರ್ಗಾದೇವಿಯ ದನಿ ಏರಿತ್ತು. ಎರಡೂ ಕೈ ಚೌಕಟ್ಟು ಬಿಟ್ಟಿದ್ದವು. ಮೊಣಕಾಲು ಸೋತವಳು ಹೊಸ್ತಿಲ ಮೇಲೆ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದಳು.

“ಅಂದೋರ ಮಾತಿಗೆ ಅಂಜಿದೇನವ್ವ, ಮೂಲ್ಯಾಗ ಮುದುಡಿ ಕುಂತೇನವ್ವ?”

“ಕುಂತಿದ್ರ ಒಲಿಯು ಹತ್ತೀತ ಹೆಂಗ? ಅಂಜಲಿಲ್ಲ, ನಾ ಅಂಜಲಿಲ್ಲ!”

ಇನ್ನು ಒಂದೇ ಉಳಿದಿತ್ತು. ಮಲ್ಲಿಕಾಳ ಕೈ ಹಿಡಿದು ಹೊಸ್ತಿಲ ಮುಂದೆ ತಂದು ನಿಲ್ಲಿಸಿದೆ. ಇದನ್ನು ಜೋರಾಗಿ ಹಾಡಲಿಲ್ಲ. ಫೋನಿನ ಆ ಹೆಣ್ಣುಮಗಳು ಕೊನೆಯ ಸವಾಲನ್ನು ಹೇಗೆ ಇಳಿಸಿ ಹಾಡುತ್ತಾಳೋ, ಹಾಗೆ.

“ಇಂದು ನಿನ್ನ ಹೊಸ್ತಿಲ ಮುಂದ ನಿಂತ ಹುಡುಗಿ ನೋಡವ್ವ,
ಅಂಜಿ ಕುಂತೋರಂಗ ಆಗಲೋ, ಯಾರಂಗ ಆಗಲಿ ಹೇಳವ್ವ?”

ದುರ್ಗಾದೇವಿ ಈ ಸಲ ನಡುವೆ ಉಸಿರು ತೆಗೆದುಕೊಳ್ಳುವ ಜಾಗವನ್ನೂ ಬಿಡಲಿಲ್ಲ. ನನ್ನ ಕೊನೆಯ ಅಕ್ಷರದ ಮೇಲೆಯೇ ಕಾಲಿಟ್ಟು ಹಾರಿದಳು.

“ನನ್ನಂಗಾಗಲಿ! ನನ್ನಂಗಾಗಲಿ! ಹೊಸ್ತಿಲ ದಾಟಿ ನನ್ನಂಗಾಗಲಿ!”

ಹಲಗೆ ಸಿಡಿಲು ಬಡಿದ ಹಾಗೆ ಬಡಿದು ನಿಂತಿತು. ಆ ಹೊತ್ತಿನಲ್ಲಿ ಅತ್ತ ಕುರ್ಡಿ ಊರಿನಲ್ಲಿ ಇರುವೆ ನಡೆದರೂ ಕೇಳಿಸುತ್ತಿತ್ತು. ತಾನು ಏನು ಹಾಡಿದೆ ಎಂದು ದುರ್ಗಾದೇವಿಗೆ ನಿಧಾನವಾಗಿ ತಿಳಿಯಿತು. ಹಾಡಿದ ಮಾತನ್ನು ತನ್ನೊಳಗೇ ಇನ್ನೊಮ್ಮೆ ಅಂದುಕೊಂಡಂತೆ ತುಟಿ ಅಲುಗಿದವು. ಮಲ್ಲಿಕಾಳನ್ನು ನೋಡಿದಳು. ನನ್ನನ್ನು ನೋಡಿದಳು. ಆ ನೋಟಕ್ಕೆ ಒಣಮೆಣಸಿನಕಾಯಿ ತಾನೇ ಪುಡಿಯಾಗಬೇಕು.

“ಮುದುಕ್ಯೇ, ನನ್ನ ಬಾಯಿಂದಲೇ ತೆಗಸಿದೆಲ್ಲ.”

“ನಾ ಕೇಳಿದೆ ಬೇ. ಕೊಟ್ಟಾಕಿ ನೀನು.”

ಹುಲಗಪ್ಪ ನಡುವೆ ಬಂದ. ಅಕ್ಕನಿಗೆ ಸಿಟ್ಟು ಬಂತು, ಮದುವೆ ಮನೆ ಕೆಟ್ಟಿತು ಎಂದು ಹೆದರಿದ್ದ. “ಇರ್ಲಿ ಬಿಡಕ್ಕಾ, ಹಾಡಿನ ಭರದಾಗ ಬಂದ ಮಾತು. ಅದನ್ಯಾರು ಹಿಡಿತಾರ?”

ಆತ ಅಕ್ಕನಿಗೆ ತಪ್ಪಿಸಿಕೊಳ್ಳಲು ಹಿತ್ತಲ ಬಾಗಿಲು ತೆರೆದುಕೊಟ್ಟಿದ್ದ. ದುರ್ಗಾದೇವಿ ಅದರಲ್ಲಿ ತಲೆ ತಗ್ಗಿಸಿ ಹೊರಟರೆ ಎಲ್ಲ ಮುಗಿಯಿತು.

ಆಕೆ ತಮ್ಮನ ಕಡೆ ತಿರುಗಿದಳು. “ಏನಂದಿ? ಭರದಾಗ ಬಂದದ್ದಾ? ಅವತ್ತು ಹೋಗಬ್ಯಾಡ ಅಂದಾಂವ ನೀನು, ಇವತ್ತು ಹಾಡಿದ್ದು ಸುಳ್ಳು ಅನ್ನಾಂವನೂ ನೀನು. ಲೇ ಹುಲಗ್ಯಾ, ನನಗ ಹುಟ್ಟಿದಾಗಿಂದ ಒಬ್ಬರೂ ಕೇಳದಿದ್ದ ಮಾತು ಈ ಮುದುಕಿ ಕೇಳ್ಯಾಳ. ನಾ ಕೊಟ್ಟ ಜವಾಬು ಖರೇನೇ ಅದ!”

ಆಮೇಲೆ ಮಲ್ಲಿಕಾಳ ಗದ್ದ ಹಿಡಿದು ಎತ್ತಿದಳು. “ನೌಕರಿ ಬಿಡಬ್ಯಾಡ. ಬಿಟ್ಟೀ ಅಂದ್ರ ನನ್ನ ಮನಿಗೆ ಬರಬ್ಯಾಡ. ತಿಳೀತಿಲ್ಲೋ?”

“ತಿಳೀತ್ರೀ ಅತ್ತಿ,” ಎಂದಳು ಮಲ್ಲಿಕಾ.

“ಮತ್ತ ತಕ್ಕಡಿ ಮುಂದ ಯಾರಕ್ಕಾ?” ಎಂದು ಹುಲಗಪ್ಪ ಮೆಲ್ಲಗೆ ಕೇಳಿದ. ಕೇಳಬಾರದಿತ್ತು.

“ನೀ ಕೂಡು! ಬ್ಯಾಡ ಅನ್ನಾಕ ಬಾಯಿ ಇತ್ತಲ್ಲ, ತೂಗಾಕ ಕೈಯಿಲ್ಲೇನು?”

ಹಂದರ ಬೀಳುವ ಹಾಗೆ ನಗೆ ಎದ್ದಿತು. ಅಂಜಿನೇಯನಂತೂ ಮತ್ತೆ ತನ್ನ ಎತ್ತರಕ್ಕೆ ಬಂದು ಹಂದರದ ಬಟ್ಟೆಗೆ ತಲೆ ತಾಗಿಸಿಕೊಂಡ. ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟರು. ಮಲ್ಲಿಕಾ ಬಲಗಾಲಿನಿಂದ ಒದ್ದಳು. ಮೆಲ್ಲಗೆ ತಾಗಿಸಬೇಕು ಅದನ್ನು. ಆಕೆ ಒದ್ದ ರಭಸಕ್ಕೆ ಅಕ್ಕಿ ದೇವರ ಕೋಣೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿನ ಕೋಳಿಗಳಿಗೂ ಸಿಕ್ಕಿತು.

ಹೋಳಿಗೆ ತಿನ್ನಲು ಕೂತಾಗ ದುರ್ಗಾದೇವಿ ತುಪ್ಪದ ಗಿಂಡಿ ಹಿಡಿದು ನನ್ನ ಮುಂದೆಯೇ ಬಂದು ಕುಕ್ಕರಿಸಿದಳು. ಮೊಣಕಾಲು ನೋಯುತ್ತದೆ ಎನ್ನುವುದನ್ನು ಮರೆತಿದ್ದಳು. ತುಪ್ಪ ಸುರಿದಳು. ಸುತ್ತ ನೋಡಿದಳು. ದನಿ ಇಳಿಸಿ ಕೇಳಿದಳು.

“ಬಸ್ಸಮ್ಮ, ಅದು ಗಿರಣಿ ಬೀಗದ್ದು, ಇನ್ನೊಮ್ಮೆ ಕೇಳ ಬೇ.”

ಕೇಳಿದೆ. ಹೀರಾಬಿಯೂ ಜೊತೆ ಸೇರಿದಳು. ದುರ್ಗಾದೇವಿ ಜವಾಬು ಕೊಟ್ಟಳು. ಪಂಕ್ತಿಯಲ್ಲಿದ್ದ ಹೆಂಗಸರು ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಸವಾಲಿನ ಕಡೆಗೆ ಸ್ವಲ್ಪ ಮಂದಿ, ಜವಾಬಿನ ಕಡೆಗೆ ಸ್ವಲ್ಪ ಮಂದಿ ಆದರು. ಗಂಡಸರು ಬಾಗಿಲಲ್ಲಿ ಬಂದು ನಿಂತು ಕೇಳಿದರು. ಒಬ್ಬನೂ ಸೀಟಿ ಹೊಡೆಯಲಿಲ್ಲ. ಹೊಡೆದಿದ್ದರೆ ದುರ್ಗಾದೇವಿ ಅವನನ್ನು ಖಾರದ ಜೊತೆ ಕುಟ್ಟುತ್ತಿದ್ದಳು.

ಸೋಮವಾರದವರೆಗೆ ನನ್ನನ್ನು ಮಾನ್ವಿಯಲ್ಲೇ ಉಳಿಸಿಕೊಂಡರು. ಬೆಳಿಗ್ಗೆ ಮಲ್ಲಿಕಾ ಬಿಳಿ ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ಹೊರಟಳು. ಹುಲಗಪ್ಪ ಮೂಗಿಗೆ ಟವೆಲ್ಲು ಸುತ್ತಿಕೊಂಡು ತಕ್ಕಡಿ ಮುಂದೆ ಕೂತು, ಒಂದು ಸೇರು ತೂಗುವುದಕ್ಕೆ ಒಂದು ಊರಿನಷ್ಟು ಸೀನುತ್ತಿದ್ದ. ಬಸ್ ಸ್ಟ್ಯಾಂಡಿಗೆ ಬಿಡಲು ನಾನು ಹೋದೆ, ಅಂಜಿನೇಯ ಬಂದ. ದುರ್ಗಾದೇವಿಯಂತೂ ರೊಟ್ಟಿ ಬುತ್ತಿ ಹಿಡಿದು ನಮಗಿಂತ ಮುಂದೆ ಕುಂಟುತ್ತಾ ಓಡಿದಳು.

ರಾಯಚೂರಿನ ಬಸ್ಸು ತುಂಬಿ ಬಾಗಿಲಲ್ಲೂ ಮಂದಿ ಜೋತಾಡುತ್ತಿದ್ದರು. ಮಲ್ಲಿಕಾ, ನಿಂತೇ ಹೋಗುತ್ತೇನೆ ಎಂದಳು. ದುರ್ಗಾದೇವಿ ಕೇಳಬೇಕಲ್ಲ? ಬುತ್ತಿಯನ್ನು ನನ್ನ ಕೈಗೆ ತುರುಕಿ ಫುಟ್‌ಬೋರ್ಡಿನ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ಕೂಗಿದಳು.

“ಏಳ್ರಿ ಮ್ಯಾಲ! ಅಲ್ಲಿ ರಾಯಚೂರಾಗ ಅರ್ಧ ಊರು ಸಾಯಾಕತ್ತದ. ನನ್ನ ಸೊಸಿ ಕುಂತು ಹೋಗಿ ಉಳಿಸಬೇಕು!”

ನಾನೇ ದೊಡ್ಡ ಬಾಯಿಯವಳು ಎಂದುಕೊಂಡಿದ್ದೆ. ಇಡೀ ಬಸ್ಸು ಎದ್ದು ನಿಂತಿತು. ಡ್ರೈವರನೂ ಎದ್ದುಬಿಟ್ಟಿದ್ದ, ಅವನೊಬ್ಬನನ್ನು ನಾನೇ ಭುಜ ಒತ್ತಿ ಕೂರಿಸಿ ಬಂದೆ.